ಪಂಚಾಯಿತಿಯಲ್ಲಿ ಅರ್ಧಕ್ಕರ್ಧ ಹೆಂಗಸರು, ವಿಧಾನಸಭೆಯಲ್ಲಿ ಹತ್ತು-ಹನ್ನೊಂದೇ ಜನ: ಯಾಕೆ ಹೀಗೆ?

ಹಳ್ಳಿ ಕಟ್ಟೆಗಳ ಮೇಲೆ ಈಗ ಒಂದೇ ಮಾತು. "ನಮ್ಮ ವಾರ್ಡಿಗೆ ಮೀಸಲಾತಿ ಏನು ಬರುತ್ತಂತೆ?" 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯರ ಐದು ವರ್ಷ ಮುಗಿದಿದೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿಯಂತೂ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇದರ ಜೊತೆಗೆ ಲೋಕಸಭೆ, ವಿಧಾನಸಭೆಗಳಲ್ಲೂ ಮಹಿಳೆಯರಿಗೆ ಮೂರನೇ ಒಂದು ಭಾಗ ಸೀಟು ಕೊಡುವ ಕಾಯ್ದೆ 2023ರಲ್ಲೇ ಪಾಸಾಗಿದೆ, ಅದು ಯಾವಾಗ ಜಾರಿಯಾಗುತ್ತದೆ ಎನ್ನುವ ಪ್ರಶ್ನೆ ಬೇರೆ ಇದೆ.

ಈ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆಗಳು ಸುಮಾರು ಒಂದೇ. ಇಷ್ಟು ವರ್ಷ ಮೀಸಲಾತಿ ಕೊಟ್ಟಿದ್ದಾರಲ್ಲ, ಆದರೂ ಹೆಂಗಸರು ಯಾಕೆ ಮೇಲೆ ಬರುತ್ತಿಲ್ಲ? ಅವರಿಗೆ ಆಸಕ್ತಿ ಇಲ್ಲವಾ? ಸಂಬಳ, ಬಡ್ತಿ ವಿಷಯದಲ್ಲೂ ಇದೇ ಕಥೆ ಯಾಕೆ? ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ

ಕರ್ನಾಟಕದ ಗ್ರಾಮ ಪಂಚಾಯಿತಿ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ವಿಧಾನಸಭೆಗೆ ಬನ್ನಿ. 224 ಸ್ಥಾನ. 2023ರ ಚುನಾವಣೆಯಲ್ಲಿ ಗೆದ್ದ ಮಹಿಳೆಯರು 10. ಆಮೇಲೆ 2024ರಲ್ಲಿ ಸಂಡೂರು ಉಪಚುನಾವಣೆಯಲ್ಲಿ ಇನ್ನೊಬ್ಬರು ಗೆದ್ದರು. ಸರ್ಕಾರ ರಚನೆಯಾದಾಗ ಸಂಪುಟದಲ್ಲಿ ಇದ್ದ ಮಹಿಳೆ ಒಬ್ಬರೇ, ಲಕ್ಷ್ಮೀ ಹೆಬ್ಬಾಳ್ಕರ್. ಅವರಿಗೆ ಸಿಕ್ಕ ಖಾತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. 2024ರಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ ಮಹಿಳೆಯರು ಗೆದ್ದದ್ದು ಮೂರು: ಬೆಂಗಳೂರು ಉತ್ತರ, ದಾವಣಗೆರೆ, ಚಿಕ್ಕೋಡಿ. ದೇಶದ ಮಟ್ಟದಲ್ಲಿ 543ಕ್ಕೆ 74. ಕರ್ನಾಟಕಕ್ಕೆ ಇದುವರೆಗೆ ಮಹಿಳಾ ಮುಖ್ಯಮಂತ್ರಿ ಬಂದೇ ಇಲ್ಲ.

ಅಂದರೆ ಕೆಳಗಿನ ಮೆಟ್ಟಿಲಲ್ಲಿ ಸಾವಿರಾರು ಜನ ಇದ್ದಾರೆ, ಪಂಚಾಯಿತಿ ನಡೆಸಿದ್ದಾರೆ, ಬಜೆಟ್ ನೋಡಿದ್ದಾರೆ, ಪಿಡಿಒ ಜೊತೆ ಜಗಳ ಆಡಿ ಕೆಲಸ ಮಾಡಿಸಿದ್ದಾರೆ. ಮೇಲಿನ ಮೆಟ್ಟಿಲು ಬರುವಷ್ಟರಲ್ಲಿ ಬೆರಳೆಣಿಕೆಯಷ್ಟಾಗುತ್ತಾರೆ. ನಡುವೆ ಏನೋ ಆಗುತ್ತಿದೆ, ಅಲ್ವಾ?

ಮೀಸಲಾತಿ ಹೇಗೆ ನಡೆಯುತ್ತದೆ

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಇತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ ತಂದ 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25 ಸ್ಥಾನ ಇತ್ತು. 1987ರಲ್ಲಿ ಅದರ ಪ್ರಕಾರ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಅದಾದ ಮೇಲೆ, 1993ರಲ್ಲಿ. ದೇಶದ ಎಲ್ಲ ಪಂಚಾಯಿತಿಗಳಲ್ಲೂ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಇರಬೇಕು ಎಂದು ಅದು ಹೇಳಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು.

ಮೀಸಲು ಸ್ಥಾನ ಕಾಯಂ ಅಲ್ಲ. ಸರದಿ ಮೇಲೆ ತಿರುಗುತ್ತದೆ. ಒಂದು ಸಲ "ಸಾಮಾನ್ಯ ಮಹಿಳೆ" ಆಗಿದ್ದ ಕ್ಷೇತ್ರ ಮುಂದಿನ ಸಲ "ಹಿಂದುಳಿದ ವರ್ಗ ಅ" ಆಗಬಹುದು, "ಸಾಮಾನ್ಯ"ವೂ ಆಗಬಹುದು. ಇದರ ಉದ್ದೇಶ ಒಳ್ಳೆಯದೇ, ಎಲ್ಲ ಊರಿಗೂ ಅವಕಾಶ ಸಿಗಲಿ ಎಂದು. ಆದರೆ ಇದರಿಂದ ಒಂದು ತೊಂದರೆ ಆಗುತ್ತದೆ. ಒಬ್ಬ ಮಹಿಳೆ ಐದು ವರ್ಷ ದುಡಿದು, ಕಚೇರಿಯ ಕೆಲಸ ಕಲಿತು, ಜನರ ಪರಿಚಯ ಮಾಡಿಕೊಂಡು ಇನ್ನೇನು ಗಟ್ಟಿಯಾದಳು ಎನ್ನುವಾಗ ಸೀಟು "ಸಾಮಾನ್ಯ" ಆಗುತ್ತದೆ. ಆಗ ಊರಿನವರು ಹೇಳುವುದು, "ಹೆಂಗಸರ ಸರದಿ ಮುಗೀತಲ್ಲಮ್ಮ, ಈ ಸಲ ಗಂಡಸರಿಗೆ ಬಿಡು."

ಇಲ್ಲೇ ದೊಡ್ಡ ತಪ್ಪು ತಿಳಿವಳಿಕೆ ಇರುವುದು. ಬಿಎಂಟಿಸಿ ಬಸ್ಸು ನೆನಪಿಸಿಕೊಳ್ಳಿ. ಮುಂದಿನ ಸೀಟುಗಳ ಮೇಲೆ "ಮಹಿಳೆಯರಿಗೆ" ಎಂದು ಬರೆದಿರುತ್ತದೆ. ಉಳಿದ ಸೀಟುಗಳ ಮೇಲೆ "ಗಂಡಸರಿಗೆ" ಎಂದು ಎಲ್ಲೂ ಬರೆದಿರುವುದಿಲ್ಲ. ಆದರೂ ಹಿಂದೆ ಹೋಗಿ ಕೂತ ಹೆಂಗಸನ್ನು "ಮುಂದೆ ಲೇಡೀಸ್ ಸೀಟ್ ಇದೆಯಲ್ಲ" ಎಂದು ಯಾರಾದರೊಬ್ಬರು ಎಬ್ಬಿಸುತ್ತಾರೆ. ರಾಜಕೀಯದಲ್ಲೂ ಹೀಗೆಯೇ ಆಗಿದೆ. "ಸಾಮಾನ್ಯ" ಎಂದರೆ ಯಾರು ಬೇಕಾದರೂ ನಿಲ್ಲಬಹುದು. ಅದು ಗಂಡಸರ ಮೀಸಲಾತಿಯಲ್ಲ. ಆದರೆ ಕಡಿಮೆ ಎಂದರೆ ಇಷ್ಟು ಎಂದು ಕಾನೂನು ಹೇಳಿದ ಲೆಕ್ಕವನ್ನು ಪಕ್ಷಗಳೂ ಊರಿನ ಹಿರಿಯರೂ ಸೇರಿ ಹೆಚ್ಚೆಂದರೆ ಇಷ್ಟು ಎಂದು ಮಾಡಿಕೊಂಡಿದ್ದಾರೆ.

ಟಿಕೆಟ್ ಯಾರ ಕೈಯಲ್ಲಿದೆ

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ವಿಧಾನಸಭೆಗೆ ಹಾಗಲ್ಲ, ಅಲ್ಲಿ ಪಕ್ಷದಿಂದ ನಿಲ್ಲಬೇಕಾದರೆ ಅದು ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎನ್ನುವ ಪತ್ರ, ಕೊಡಬೇಕು. ಕಾನೂನು ಮೀಸಲಾತಿ ಇಲ್ಲದ ಕಡೆ ಮಹಿಳೆಗೆ ಸ್ಥಾನ ಸಿಗುವುದು ಬಿಡುವುದು ಹೆಚ್ಚಾಗಿ ಪಕ್ಷದ ಟಿಕೆಟ್ ಸಮಿತಿಯ ಮೇಲೆ ನಿಂತಿದೆ.

ಪಕ್ಷಗಳ ಉತ್ತರ ಯಾವಾಗಲೂ ಒಂದೇ: ಗೆಲ್ಲುವ ಕುದುರೆಗೆ ಟಿಕೆಟ್. ಹಾಗಾದರೆ ಹೆಂಗಸರು ಗೆಲ್ಲುವುದಿಲ್ಲವಾ? 2024ರ ಲೋಕಸಭೆಗೆ ನಿಂತ ಒಟ್ಟು 8,360 ಅಭ್ಯರ್ಥಿಗಳಲ್ಲಿ ಮಹಿಳೆಯರು ಸುಮಾರು 800. ಅವರಲ್ಲಿ ಗೆದ್ದವರು 74, ಅಂದರೆ ನೂರಕ್ಕೆ ಒಂಬತ್ತು. ಉಳಿದವರಲ್ಲಿ ಗೆದ್ದದ್ದು ನೂರಕ್ಕೆ ಆರು. ಈ ಲೆಕ್ಕವನ್ನು ಸ್ವಲ್ಪ ಜೋಪಾನವಾಗಿ ಓದಬೇಕು. ಹೆಸರಿಗೆ ನಿಲ್ಲುವ ಪಕ್ಷೇತರರಲ್ಲಿ ಗಂಡಸರೇ ಜಾಸ್ತಿ, ಹಾಗಾಗಿ ಅವರ ಸರಾಸರಿ ಕೆಳಗಿಳಿಯುತ್ತದೆ. ಆದರೂ "ಹೆಂಗಸಿಗೆ ಟಿಕೆಟ್ ಕೊಟ್ಟರೆ ಸೀಟು ಹೋಯಿತು" ಎನ್ನುವ ಮಾತಿಗೆ ಈ ಲೆಕ್ಕದಲ್ಲಿ ಆಧಾರ ಸಿಗುವುದಿಲ್ಲ.

ಒಡಿಶಾದ ಉದಾಹರಣೆ ಇನ್ನೂ ಸ್ಪಷ್ಟ. 2019ರ ಲೋಕಸಭಾ ಚುನಾವಣೆಗೆ ಬಿಜು ಜನತಾದಳ ತನ್ನ 21 ಟಿಕೆಟ್‌ಗಳಲ್ಲಿ 7 ಮಹಿಳೆಯರಿಗೆ ಕೊಟ್ಟಿತು. ಯಾವ ಕಾನೂನೂ ಕೇಳಿರಲಿಲ್ಲ. ಐವರು ಗೆದ್ದರು. ಅವರಲ್ಲಿ ಒಬ್ಬರಾದ ಪ್ರಮೀಳಾ ಬಿಸೋಯಿ ಸ್ವಸಹಾಯ ಸಂಘ ಕಟ್ಟಿ ಬೆಳೆದವರು, ಎರಡು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ನಮ್ಮಲ್ಲೂ ಹಳ್ಳಿ ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಸಂಘ ನಡೆಸುವ ಗಟ್ಟಿಗಿತ್ತಿಯರಿದ್ದಾರೆ. ಅವರ ಹೆಸರು ಯಾವ ಟಿಕೆಟ್ ಪಟ್ಟಿಯವರೆಗೂ ಬರುವುದಿಲ್ಲ, ನನಗೆ ತುಂಬಾ ಬೇಸರ ಆಗುವುದು ಇದೇ.

ಇನ್ನು ದುಡ್ಡು. ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ ಚುನಾವಣಾ ಆಯೋಗ ಇಟ್ಟಿರುವ ಮಿತಿಯೇ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಸಾಮಾನ್ಯ ಮನೆಯ ಹೆಣ್ಣುಮಗಳು ಇದರಲ್ಲಿ ಕಾಲು ಭಾಗವನ್ನಾದರೂ ಎಲ್ಲಿಂದ ತರಬೇಕು? ಸಾಲ ಬೇಕಾದರೆ ಜಮೀನು ಅಡ ಇಡಬೇಕು, ಜಮೀನು ಹೆಚ್ಚಿನ ಮನೆಗಳಲ್ಲಿ ಇರುವುದು ಗಂಡನ ಹೆಸರಲ್ಲಿ ಅಥವಾ ಮಾವನ ಹೆಸರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು, ಕೇಂದ್ರ ಮಾಡಿದ್ದು 2005ರಲ್ಲಿ. ಆದರೆ ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಿಂದ ಹಕ್ಕು ಬಿಟ್ಟು ಸಹಿ ಹಾಕಿದವರು ಎಷ್ಟೋ ಜನ.

ಹೀಗಾಗಿ ಮೇಲೆ ಬರುವ ದಾರಿ ಹೆಚ್ಚಾಗಿ ಮನೆತನದ ಮೂಲಕ ತೆರೆಯುತ್ತದೆ. 2023ರಲ್ಲಿ ಗೆದ್ದ ಹತ್ತು ಶಾಸಕಿಯರಲ್ಲಿ ಅರ್ಧದಷ್ಟಾದರೂ ಜನರ ತಂದೆ, ತಾಯಿ ಅಥವಾ ಪತಿ ಮೊದಲೇ ಶಾಸಕರೋ ಸಂಸದರೋ ಆಗಿದ್ದವರು. ಇದು ಅವರ ತಪ್ಪಲ್ಲ, ಗಂಡಸರಲ್ಲೂ ವಂಶದ ರಾಜಕೀಯಕ್ಕೆ ಕೊರತೆ ಇಲ್ಲ. ಗಂಡಸರಿಗೆ ಇದರ ಜೊತೆಗೆ ಗುತ್ತಿಗೆದಾರಿಕೆ, ಸಹಕಾರ ಸಂಘ, ವಿದ್ಯಾರ್ಥಿ ರಾಜಕೀಯ ಎಂದು ಬೇರೆ ನಾಲ್ಕಾರು ದಾರಿಗಳಿವೆ ಅಷ್ಟೇ. ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ್ ಅವರಂತೂ ಮಾಜಿ ಉಪಮುಖ್ಯಮಂತ್ರಿ ಎಂ. ಪಿ. ಪ್ರಕಾಶ್ ಅವರ ಮಗಳು. ಅವರಿಗೂ ಪಕ್ಷದ ಟಿಕೆಟ್ ಸಿಗಲಿಲ್ಲ. ಪಕ್ಷೇತರರಾಗಿ ನಿಂತು ಗೆದ್ದರು.

"ಅಧ್ಯಕ್ಷರ ಯಜಮಾನರು"

ಪಂಚಾಯಿತಿಗೆ ಹೋದರೆ ಈ ಮಾತು ಕೇಳಿರುತ್ತೀರಿ. ಸಹಿ ಹೆಂಡತಿಯದು, ಕುರ್ಚಿ ಗಂಡನದು. ಬಿಲ್ ಪಾಸು ಮಾಡುವ ಡಿಜಿಟಲ್ ಸಹಿಯ ಕೀ ಕೂಡ ಎಷ್ಟೋ ಕಡೆ ಗಂಡನ ಜೇಬಿನಲ್ಲಿರುತ್ತದೆ. ಇದು ಕರ್ನಾಟಕದ್ದಷ್ಟೇ ಕಥೆಯಲ್ಲ. ಉತ್ತರದಲ್ಲಿ "ಪ್ರಧಾನ್ ಪತಿ", "ಸರಪಂಚ್ ಪತಿ" ಎಂದೇ ಹೆಸರಾಗಿದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಇದನ್ನು ತಡೆಯುವುದು ಹೇಗೆ ಎಂದು ನೋಡಲು ಒಂದು ಸಮಿತಿಯನ್ನೇ ಮಾಡಬೇಕಾಯಿತು.

ಇದನ್ನು ತೋರಿಸಿ "ನೋಡಿ, ಮೀಸಲಾತಿ ಸುಮ್ನೆ ದಂಡ" ಎನ್ನುವವರಿದ್ದಾರೆ. ಆದರೆ ಯಾಕೆ ಹೀಗಾಗುತ್ತದೆ ಎಂದು ಕೇಳಿ ನೋಡಿ. ಮೊದಲ ಸಲ ಗೆದ್ದ ಮಹಿಳೆಗೆ ಕಚೇರಿಯ ಕಾಗದಪತ್ರ ಹೊಸದು. ತಾಲ್ಲೂಕು ಕಚೇರಿಗೆ ಹೋಗಿಬರಲು ಗಂಡನ ಬೈಕೇ ಗತಿ. ಸಭೆ ಸಂಜೆ ಇಟ್ಟರೆ ಮನೆಯಲ್ಲಿ ಅಡುಗೆ ನಿಲ್ಲುತ್ತದೆ. ಒಂಟಿಯಾಗಿ ಇಂಜಿನಿಯರ್, ಗುತ್ತಿಗೆದಾರರ ಜೊತೆ ಮಾತಾಡಿದರೆ ಊರು ಆಡಿಕೊಳ್ಳುತ್ತದೆ. ಜಗ್ಗದೆ ತಾನೇ ನಿರ್ಧಾರ ಮಾಡಲು ಶುರು ಮಾಡಿದರೆ ಉಳಿದ ಸದಸ್ಯರು ಸೇರಿ ಅವಿಶ್ವಾಸ ನಿರ್ಣಯ ತರುವುದೂ ಉಂಟು. ಮೊದಲ ಬಾರಿ ಗೆದ್ದ ಗಂಡಸಿಗೂ ಕಾಗದಪತ್ರ ಹೊಸದೇ. ಆದರೆ ಅವನು ಕಲಿಯುವಾಗ ಅವನ ಕುರ್ಚಿಯಲ್ಲಿ ಇನ್ನೊಬ್ಬರು ಬಂದು ಕೂರುವುದಿಲ್ಲ.

ದಿನಕ್ಕೆ 289 ನಿಮಿಷ

ರಾಜಕೀಯಕ್ಕೂ ಉದ್ಯೋಗಕ್ಕೂ ಇರುವ ಕೊಂಡಿ ಇಲ್ಲಿದೆ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2024ರಲ್ಲಿ ಒಂದು ಸಮೀಕ್ಷೆ ಮಾಡಿತು. ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಕೇಳುವ ಸಮೀಕ್ಷೆ. ಸಂಬಳವಿಲ್ಲದ ಮನೆಗೆಲಸಕ್ಕೆ, ಅಂದರೆ ಅಡುಗೆ, ಪಾತ್ರೆ, ಬಟ್ಟೆ, ನೀರು, ಇಂಥದ್ದಕ್ಕೆ, ಆ ಕೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಗಮನಿಸಿ, ಈ 88 ನಿಮಿಷ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ. ಕೈಯೇ ಹಾಕದವರು ಈ ಲೆಕ್ಕದಲ್ಲಿ ಇಲ್ಲ. ಮಕ್ಕಳು, ವಯಸ್ಸಾದವರನ್ನು ನೋಡಿಕೊಳ್ಳುವ ಸಮಯ ಇದಕ್ಕೆ ಸೇರಿಲ್ಲ, ಅದು ಬೇರೆ.

ಸುಮಾರು ಐದು ಗಂಟೆ. ಆಫೀಸು ಮುಗಿಸಿ ಬಂದ ಮೇಲೆ ಇನ್ನೊಂದು ಪಾಳಿ. ಪಕ್ಷದ ಕಾರ್ಯಕರ್ತನಾಗಿ ಹೆಸರು ಮಾಡಬೇಕಾದರೆ ಸಂಜೆ ಸಭೆ, ರಾತ್ರಿ ಊರೂರು ಸುತ್ತಾಟ, ಮದುವೆ, ತಿಥಿ, ಜಾತ್ರೆ ಎಲ್ಲದಕ್ಕೂ ಹೋಗಬೇಕು. ಕಂಪನಿಯಲ್ಲಿ ಮೇಲೆ ಬರಬೇಕಾದರೆ ತಡವಾಗಿ ಉಳಿಯಬೇಕು, ಕರೆದಾಗ ಬೇರೆ ಊರಿಗೆ ಹೋಗಬೇಕು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಉದ್ಯೋಗಗಳನ್ನು ನೋಡಿ ಹೇಳಿದ್ದೂ ಇದನ್ನೇ. ಹೊತ್ತುಗೊತ್ತಿಲ್ಲದೆ ದುಡಿಯಲು ಸಿದ್ಧ ಇರುವವರಿಗೆ ಸಂಬಳ ಬೇಗ ಏರುತ್ತದೆ. ಮಗು ಹುಟ್ಟಿದ ಮೇಲೆ ದಂಪತಿಯಲ್ಲಿ ಒಬ್ಬರು ಹಾಗೆ ದುಡಿಯುತ್ತಾರೆ, ಇನ್ನೊಬ್ಬರು ಮನೆ ಹತ್ತಿರದ ಹಗುರ ಕೆಲಸಕ್ಕೆ ಸರಿಯುತ್ತಾರೆ. ಆ ಇನ್ನೊಬ್ಬರು ಸಾಮಾನ್ಯವಾಗಿ ಯಾರು ಎಂದು ಹೇಳಬೇಕಾಗಿಲ್ಲ.

2023-24ರ ಕಾರ್ಮಿಕ ಸಮೀಕ್ಷೆ ಪ್ರಕಾರ ಭಾರತದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ 78.8 ಜನ ದುಡಿಮೆಯಲ್ಲಿ ಇದ್ದಾರೆ ಅಥವಾ ಕೆಲಸ ಹುಡುಕುತ್ತಿದ್ದಾರೆ. ಮಹಿಳೆಯರಲ್ಲಿ ಶೇ 41.7. ಉಳಿದವರು ಕೂತು ಉಣ್ಣುತ್ತಿದ್ದಾರೆ ಎಂದಲ್ಲ. ಅವರ ದುಡಿಮೆಗೆ ಸಂಬಳ ಇಲ್ಲ, ಅದಕ್ಕೇ ಅವರು ಈ ಲೆಕ್ಕದ ಹೊರಗೆ.

ಸಮಾನ ಕೆಲಸ ಎಂದರೆ ಯಾವುದು?

ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಸಂಬಳ ಕೊಡಬೇಕು ಎನ್ನುವ ಕಾನೂನು 1976ರಿಂದ ಇದೆ. ಹಾಗಿದ್ದರೂ ಹಳ್ಳಿಯಲ್ಲಿ ಇವತ್ತಿಗೂ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ಕೇಳಿದರೆ ಕೆಲಸವೇ ಬೇರೆ ಎನ್ನುತ್ತಾರೆ. ನಾಟಿ, ಕಳೆ, ಕೊಯ್ಲು ಹೆಂಗಸರಿಗೆ. ಉಳುಮೆ, ಔಷಧಿ ಹೊಡೆಯುವುದು, ಮೂಟೆ ಹೊರುವುದು ಗಂಡಸರಿಗೆ. ಕೆಲಸವನ್ನು ಮೊದಲು ಹೀಗೆ ಹಂಚಿ, ಆಮೇಲೆ ಹೆಂಗಸರ ಪಾಲಿನದಕ್ಕೆ ಕಡಿಮೆ ಬೆಲೆ ಕಟ್ಟಿದರೆ ಕಾನೂನು ಏನೂ ಮಾಡಲಾಗುವುದಿಲ್ಲ. ಇಡೀ ದಿನ ಕೆಸರಲ್ಲಿ ಸೊಂಟ ಬಗ್ಗಿಸಿ ನಾಟಿ ಹಾಕುವುದು ಹಗುರದ ಕೆಲಸ ಎಂದು ಯಾರು ತೀರ್ಮಾನ ಮಾಡಿದರು? ನರೇಗಾದಲ್ಲಿ ಈ ಭೇದ ಇರಲಿಲ್ಲ. 2024-25ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 349 ರೂಪಾಯಿ, ಯಾರು ಮಾಡಿದರೂ ಅಷ್ಟೇ. ಹೆಂಗಸರು ಆ ಕೆಲಸಕ್ಕೆ ಮುಂದೆ ಬಂದದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಬಗೆ ಇದೆ. ಇಡೀ ಹುದ್ದೆಯೇ ಹೆಂಗಸರದ್ದಾದರೆ ಅದಕ್ಕೆ "ಸಂಬಳ" ಎನ್ನುವ ಹೆಸರೂ ಸಿಗುವುದಿಲ್ಲ. ಅಂಗನವಾಡಿ ಯೋಜನೆ 1975ರಲ್ಲಿ ಶುರುವಾಯಿತು, ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಂಗನವಾಡಿ ಕಾರ್ಯಕರ್ತೆ ಮಕ್ಕಳನ್ನು ನೋಡಬೇಕು, ಗರ್ಭಿಣಿಯರ ಲೆಕ್ಕ ಇಡಬೇಕು, ರೇಷನ್ ಹಂಚಬೇಕು, ಸರ್ವೆ ಎಂದರೆ ಸರ್ವೆಗೆ, ಚುನಾವಣೆ ಎಂದರೆ ಮತದಾರರ ಪಟ್ಟಿಗೆ ಹೋಗಬೇಕು. ಇಷ್ಟಕ್ಕೂ ಸಿಗುವುದು "ಗೌರವಧನ". ಆಶಾ ಕಾರ್ಯಕರ್ತೆಯರ ಕಥೆಯೂ ಅದೇ, ದಾಖಲೆಯಲ್ಲಿ ಅವರು "ಸ್ವಯಂಸೇವಕಿ"ಯರು. ಅಂಗನವಾಡಿಯವರಿಗೂ ಗ್ರಾಚ್ಯುಟಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ, ಯೋಜನೆ ಶುರುವಾಗಿ 47 ವರ್ಷ ಆದ ಮೇಲೆ.

ಹೆರಿಗೆ ರಜೆಯ ವಿಷಯ ಸ್ವಲ್ಪ ಸೂಕ್ಷ್ಮ. 2017ರಲ್ಲಿ ಅದನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಒಳ್ಳೆಯ ಕೆಲಸ. ಆದರೆ ಇಎಸ್‌ಐ (ನೌಕರರ ವಿಮಾ ಯೋಜನೆ) ವ್ಯಾಪ್ತಿಗೆ ಬರದ ನೌಕರರ ವಿಷಯದಲ್ಲಿ ಆ ಸಂಬಳವನ್ನು ಮಾಲೀಕರೇ ಕೊಡಬೇಕು, ಸರ್ಕಾರ ಪಾಲು ಹಾಕುವುದಿಲ್ಲ. ಅಪ್ಪನಾದವನಿಗೆ ಖಾಸಗಿ ಕಂಪನಿಗಳಲ್ಲಿ ಕಾನೂನು ಪ್ರಕಾರ ಕಡ್ಡಾಯ ರಜೆ ಇಲ್ಲ. ಲೆಕ್ಕ ಹಾಕುವ ಮಾಲೀಕ ಏನು ಮಾಡುತ್ತಾನೆ? ಸಂದರ್ಶನದಲ್ಲಿ "ಮದುವೆ ಯಾವಾಗಮ್ಮ?" ಎಂದು ಕೇಳುತ್ತಾನೆ. ಕರ್ನಾಟಕ ಸಂಪುಟ 2025ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೆ ಒಪ್ಪಿದಾಗಲೂ ಇದೇ ಚರ್ಚೆ ಎದ್ದಿತು. ರಜೆ ಬೇಕಾ ಬೇಡವಾ ಎನ್ನುವುದಕ್ಕಿಂತ ಅದರ ಖರ್ಚನ್ನು ಯಾರು ಹೊರುತ್ತಾರೆ ಎಂದು ಕೇಳಿದರೆ ವಿಷಯ ಬೇಗ ಅರ್ಥವಾಗುತ್ತದೆ.

ಕಿರುಕುಳದ ಬಗ್ಗೆ ಒಂದು ಮಾತು. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದಲ್ಲಿ ದುಡಿಯುವವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆದರೆ ರಾಜಕೀಯ ಪಕ್ಷದ ಕಾರ್ಯಕರ್ತೆ ಎಲ್ಲಿಗೆ ಹೋಗಬೇಕು? ಪಕ್ಷಕ್ಕೂ ಸದಸ್ಯರಿಗೂ ಮಾಲೀಕ-ನೌಕರ ಸಂಬಂಧ ಇಲ್ಲ, ಹಾಗಾಗಿ ಪಕ್ಷಗಳು ಇಂಥ ಸಮಿತಿ ಮಾಡಲೇಬೇಕೆಂದಿಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿತು.

ಒಗ್ಗಟ್ಟಾದರೆ ಏನಾಗುತ್ತದೆ ಎನ್ನುವುದಕ್ಕೂ ಬೆಂಗಳೂರಲ್ಲೇ ಉದಾಹರಣೆ ಇದೆ. ಪಿಎಫ್ ದುಡ್ಡು ತೆಗೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿದಾಗ, 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು.

2023ರ ಕಾಯ್ದೆ ಯಾಕೆ ಇನ್ನೂ ಕಾಯುತ್ತಿದೆ

ಲೋಕಸಭೆ, ವಿಧಾನಸಭೆಯಲ್ಲಿ ಮೀಸಲಾತಿ ಕೊಡುವ ಮೊದಲ ಮಸೂದೆ ಮಂಡನೆಯಾದದ್ದು 1996ರ ಸೆಪ್ಟೆಂಬರ್‌ನಲ್ಲಿ, ಎಚ್. ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಆಮೇಲೆ ಹಲವು ಸಲ ಬಂತು, ಬಿದ್ದುಹೋಯಿತು. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ನಿಂತಿತು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ 454 ಮತ ಪರ, 2 ವಿರೋಧ, ರಾಜ್ಯಸಭೆಯಲ್ಲಿ 214 ಪರ, ವಿರೋಧ ಒಂದೂ ಇಲ್ಲದೆ ಪಾಸಾಯಿತು. 27 ವರ್ಷ ಹಿಡಿಯಿತು.

ಆ ಕಾಯ್ದೆಯಲ್ಲಿ ಒಂದು ಷರತ್ತು ಬರೆದಿದ್ದಾರೆ. ಕಾಯ್ದೆ ಬಂದ ಮೇಲೆ ಮೊದಲ ಜನಗಣತಿ ನಡೆದು, ಅದರ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆ ಮುಗಿದ ನಂತರವೇ ಮೀಸಲಾತಿ ಜಾರಿ. ಮರುವಿಂಗಡಣೆ ಎಂದರೆ ಜನಸಂಖ್ಯೆ ನೋಡಿ ಕ್ಷೇತ್ರಗಳ ಗಡಿ ಮತ್ತು ಸಂಖ್ಯೆಯನ್ನು ಹೊಸದಾಗಿ ನಿಗದಿ ಮಾಡುವುದು. ಜನಸಂಖ್ಯೆ ಹತೋಟಿಗೆ ತಂದ ದಕ್ಷಿಣದ ರಾಜ್ಯಗಳಿಗೆ ಇದರಲ್ಲಿ ಸೀಟಿನ ಪಾಲು ಕುಗ್ಗುವ ಆತಂಕ ಇದೆ. ಹಾಗಾಗಿ ಮಹಿಳಾ ಮೀಸಲಾತಿಯ ಹಣೆಬರಹ ಈಗ ಆ ದೊಡ್ಡ ಜಗಳಕ್ಕೆ ಅಂಟಿಕೊಂಡಿದೆ.

ಜಾರಿಯಾದರೆ ಈಗಿನ ಸಂಖ್ಯೆ ಪ್ರಕಾರವೇ ಕರ್ನಾಟಕದ 224ರಲ್ಲಿ ಸುಮಾರು 75 ಸ್ಥಾನ ಮಹಿಳೆಯರಿಗೆ. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ ಪಾಲಿದೆ, ಹಿಂದುಳಿದ ವರ್ಗದವರಿಗೆ ಪ್ರತ್ಯೇಕ ಪಾಲಿಲ್ಲ. ರಾಜ್ಯಸಭೆಗೂ ನಮ್ಮ ವಿಧಾನ ಪರಿಷತ್ತಿಗೂ ಇದು ಅನ್ವಯಿಸುವುದಿಲ್ಲ.

ಮೀಸಲಾತಿಯಿಂದ ನಿಜಕ್ಕೂ ಬದಲಾಗುತ್ತದಾ?

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳ ಮೇಲೆ ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೊ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಹಿಳಾ ಅಧ್ಯಕ್ಷರಿದ್ದ ಊರುಗಳಲ್ಲಿ ಕುಡಿಯುವ ನೀರಿಗೆ ಜಾಸ್ತಿ ಖರ್ಚಾಗಿತ್ತು. ಕೊಡ ಹೊರುವವರಿಗೆ ಅಧಿಕಾರ ಸಿಕ್ಕರೆ ನಲ್ಲಿ ಬರುತ್ತದೆ. ಪಶ್ಚಿಮ ಬಂಗಾಳದ ಮುಂದಿನ ಅಧ್ಯಯನವೊಂದು ಇನ್ನೊಂದು ವಿಷಯ ತೋರಿಸಿತು. ಎರಡು ಅವಧಿಗೆ ಮಹಿಳಾ ಮುಖ್ಯಸ್ಥರನ್ನು ನೋಡಿದ ಊರುಗಳಲ್ಲಿ ಮಹಿಳೆಯರು ಮೀಸಲಿಲ್ಲದ ಸ್ಥಾನಗಳಲ್ಲೂ ಜಾಸ್ತಿ ನಿಂತರು, ಜಾಸ್ತಿ ಗೆದ್ದರು.

ಮುಂಬೈ ಮಹಾನಗರ ಪಾಲಿಕೆಯಲ್ಲೂ ಇದನ್ನು ಪರೀಕ್ಷಿಸಿದ್ದಾರೆ. 1997ರಲ್ಲಿ ಮಹಿಳೆಗೆ ಮೀಸಲಾಗಿದ್ದ ವಾರ್ಡುಗಳು 2002ರಲ್ಲಿ ಸಾಮಾನ್ಯ ಆದವು. 1997ರಲ್ಲಿ ಮೀಸಲಾಗಿರದ ವಾರ್ಡುಗಳಿಗೆ ಹೋಲಿಸಿದರೆ ಅಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಸುಮಾರು ಐದು ಪಟ್ಟು ಇತ್ತು. ಮೀಸಲಾತಿ ಇಲ್ಲದೆಯೂ ಪಕ್ಷಗಳು ಟಿಕೆಟ್ ಕೊಟ್ಟವು, ಜನ ಮತ ಹಾಕಿದರು.

ಹಾಗಾಗಿ ಈ ಸಲ ನಿಮ್ಮ ವಾರ್ಡಿನ ಪಟ್ಟಿ ಬಂದಾಗ "ಸಾಮಾನ್ಯ" ಎಂದು ಕಂಡರೆ, 21 ವರ್ಷ ತುಂಬಿದ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾವ ಹೆಣ್ಣುಮಗಳೂ ಅಲ್ಲಿ ನಾಮಪತ್ರ ಹಾಕಬಹುದು. ಕಳೆದ ಅವಧಿಯಲ್ಲಿ ಸದಸ್ಯೆಯಾಗಿದ್ದವರಂತೂ ಖಂಡಿತ ಹಾಕಬಹುದು, ಅವರಿಗೆ ಐದು ವರ್ಷದ ಅನುಭವ ಇದೆ.